ಗ್ವಾಡಿ ಮಸ್ತ್ ಬಂದೈತಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾನು ತರಗತಿಯಲ್ಲಿ ಸಾವಿರ ಸಲವಾದರೂ ಹೇಳಿರಬೇಕು. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಮಾವಿನ ಹಣ್ಣು ಬರೆಯಲು ಹೇಳಿದರೆ ಬದನೆಕಾಯಿ ಬರೆದು, ‘ಪೆನ್ಸಿಲ್ ಸರಿ ಇಲ್ರಿ ಸರ’ ಎನ್ನುವ ಮಕ್ಕಳ ಕಿವಿ ಹಿಂಡಿ, ಈ ಗಾದೆ ಹೇಳಿ, ಅದರ ಅರ್ಥವನ್ನೂ ಬಿಡಿಸಿ, ‘ತಪ್ಪು ಕೈಯಾಗ ಇರ್ತೈತಿ, ಪೆನ್ಸಿಲ್‌ನ್ಯಾಗ ಅಲ್ಲ’ ಎಂದು ಮುಗಿಸುವುದು ನನ್ನ ರೂಢಿ. ಹೀಗೆ ಊರಿಗೆಲ್ಲ ಬುದ್ಧಿ ಹೇಳುವವನನ್ನು ದೇವರು ಒಂದು ದಿನ ಪರೀಕ್ಷೆಗೆ ಕೂರಿಸುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ನನಗೂ ಒಂದು ಡೊಂಕು ನೆಲ ಸಿಕ್ಕಿತು. ಅದರ ಹೆಸರು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ. ಅದರ ಗುಣದೋಷಗಳೇನು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ದೋಷಗಳಿಂದಲೇ ಶುರು ಮಾಡುತ್ತಿದ್ದೆ. ಈಗ ಯಾರೂ ಕೇಳದೆಯೇ ಹೇಳಲು ಕುಳಿತಿದ್ದೇನೆ. ಹೇಳದೆ ಒಳಗೇ ಇಟ್ಟುಕೊಂಡರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಅದು ಎರಡು ಸಾವಿರದ ಏಳೋ ಎಂಟೋ ಇಸವಿ. ನನ್ನ ಹೆಂಡತಿ ಗಿರಿಜಾ ಮನೆಗೊಂದು ಫ್ರಿಜ್ ಬೇಕೆಂದು ಮೂರು ಬೇಸಿಗೆಗಳಿಂದ ಹೇಳುತ್ತಿದ್ದಳು. ಫ್ರಿಜ್ ನೋಡಿ ಬರಲೆಂದೇ ಬೆಳಗಾವಿಗೆ ಹೋದವನು ಪಕ್ಕದ ಅಂಗಡಿಯ ಗಾಜಿನ ಮುಂದೆ ನಿಂತೆ. ನಿಂತದ್ದೇ ತಪ್ಪಾಯಿತು. ಅಂಗಡಿಯವರು ಮೂರು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ‘ಇದು ಈಗ ಕಲಿಯೋರಿಗೆ, ಅದು ಅದರ ಮ್ಯಾಲೇ ಹೊಟ್ಟಿ ಹೊರಿಯೋರಿಗೆ’ ಎಂದು ಎರಡು ತುದಿಗಳನ್ನು ತೋರಿಸಿ, ನಡುವಿನದರ ಮೇಲೆ ಕೈಯಿಟ್ಟು, ‘ಇದು ನಿಮ್ಮಂಥೋರಿಗೆ ನೋಡ್ರಿ ಸರ್’ ಎಂದರು. ನಿಮ್ಮಂಥವರು ಎಂದರೆ ಎಂಥವರು ಎಂದು ನಾನು ಕೇಳಲಿಲ್ಲ, ಮರ್ಯಾದೆಯ ಮಾತೆಂದು ತಿಳಿದು ಉಬ್ಬಿದೆ. ಈಗ ಅರ್ಥವಾಗಿದೆ. ಕಲಿತವರೂ ಅಲ್ಲದ, ಕಲಿಯಬೇಕಾಗಿದೆ ಎಂದು ಒಪ್ಪಿಕೊಳ್ಳಲೂ ಆಗದ ಜನರಿಗಾಗಿಯೇ ಮಧ್ಯಮ ದರ್ಜೆಯ ಕ್ಯಾಮೆರಾ ತಯಾರಾಗುತ್ತದೆ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಗಿರಿಜಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ, ‘ಇದರಾಗ ಹಾಲು ಇಟ್ರ ಕೆಡೂದಿಲ್ಲೇನ್ರಿ?’ ಎಂದು ಕೇಳಿದಳು. ಉತ್ತರ ಕೊಡುವ ಬದಲು ನಾನು ಅವಳದೊಂದು ಫೋಟೋ ತೆಗೆದೆ. ಆ ಫೋಟೋದಲ್ಲಿನ ಮುಖಭಾವವನ್ನು ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಅದರ ಗುಣಗಳನ್ನು ಮರೆಮಾಚಬಾರದು. ಎಲ್ಲಕ್ಕಿಂತ ದೊಡ್ಡ ಗುಣ ಸ್ಪಷ್ಟತೆ. ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ. ಎದ್ದು ಬಂದು ಎದೆಗೆ ಒದೆಯುವಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ರಾಮದುರ್ಗದಲ್ಲಿ ನನ್ನ ಅತ್ತೆಯವರ ಫೋಟೋ ತೆಗೆದ ಮೇಲೆ ಗೊತ್ತಾಯಿತು. ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕಲಾವಿದನ ಹುರುಪಿನಿಂದ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಅವರು ಅದನ್ನು ತೋಳಿನಷ್ಟು ದೂರ ಹಿಡಿದು ನೋಡಿ, ‘ಇದು ನನ್ನ ಮಾರಿ ಅಲ್ಲ. ಬ್ಯಾಸಗ್ಯಾಗ ಬಿರಕ ಬಿಟ್ಟ ಎರಿ ಹೊಲ’ ಎಂದರು. ಆ ದಿನ ಹೋಳಿಗೆಯ ಮೇಲೆ ಎರಡನೆಯ ಸಲ ತುಪ್ಪ ಬೀಳಲಿಲ್ಲ. ಇನ್ನು ದೋಷಗಳು. ಲೆನ್ಸ್ ಬಿಚ್ಚಿ ಬದಲಿಸಬಹುದು ಎಂಬುದು ಗುಣವೆಂದು ಕೈಪಿಡಿಯಲ್ಲಿ ಬರೆದಿತ್ತು. ನಾನು ಅದನ್ನು ಬಿಚ್ಚಿ ಬದಲಿಸಿದ್ದು ಹತ್ತಿಯ ಸುಗ್ಗಿಯಲ್ಲಿ, ನಮ್ಮೂರ ಜಿನ್ನಿಂಗ್ ಫ್ಯಾಕ್ಟರಿಯ ಎದುರು ನಿಂತು. ಒಳಗೆ ಹೋಗಿ ಕುಳಿತ ಎಳೆಯೊಂದು ಅಂದಿನಿಂದ ಪ್ರತಿ ಫೋಟೋದ ಬಲಮೂಲೆಯಲ್ಲಿ ಕಪ್ಪು ಚುಕ್ಕೆಯಾಗಿ ಕಾಣಿಸತೊಡಗಿತು. ಈ ಕ್ಯಾಮೆರಾ ತಾನೇ ದೃಷ್ಟಿಬೊಟ್ಟು ಇಟ್ಟು ಕೊಡುತ್ತದೆ ಎಂದು ಜನರಿಗೆ ಹೇಳಿ ನಗಿಸುತ್ತಿದ್ದೆ. ಇನ್ನೊಂದು ದೋಷವೆಂದರೆ, ಕಣ್ಣಿಟ್ಟು ನೋಡುವ ಆ ಸಣ್ಣ ಕಿಂಡಿಯೊಳಗೆ ಸದಾ ಒಂದು ತೆಳು ಮಂಜು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಮೇಲಿನ ದರ್ಜೆಯದರಲ್ಲಿ ಮಂಜು ಇರಲಿಕ್ಕಿಲ್ಲ, ಮಧ್ಯಮ ದರ್ಜೆಯಲ್ಲಿ ಇಷ್ಟೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅದನ್ನು ಕೊರಳಿಗೆ ಹಾಕಿಕೊಂಡು ಒಂದು ರವಿವಾರ ಕಿತ್ತೂರಿಗೆ ಹೋದೆ. ಹಾಳು ಗೋಡೆಗಳ ನೆರಳುಬೆಳಕನ್ನು ಹಿಡಿಯುತ್ತ ಮೊಣಕಾಲೂರಿ ಕುಳಿತಿದ್ದಾಗ, ಹಿಂದಿನಿಂದ ಒಂದು ಕುಟುಂಬ ಬಂದು ಸಾಲಾಗಿ ನಿಂತಿತು. ಯಜಮಾನರು ರುಮಾಲು ಸರಿ ಮಾಡಿಕೊಂಡು, ‘ಫೋಟೋ ಇಲ್ಲೇ ತೊಳದು ಕೊಡ್ತೀರೋ, ಪೋಸ್ಟಿಗೆ ಹಾಕ್ತೀರೋ?’ ಎಂದರು. ನಾನು ಅಂಥವನಲ್ಲ, ಕಲಾವಿದ ಎಂದು ವಿವರಿಸಿದೆ. ‘ಹಂಗಾರ ಬ್ಯಾಡ ಬಿಡ್ರಿ, ಫೋಟೋ ತಗ್ಯಾಕ ಬರೂವರನ್ನ ನೋಡ್ತೇವಿ’ ಎಂದು ಅವರು ಹೊರಟುಹೋದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಈಗ ಯಲ್ಲಪ್ಪನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಅತ್ತೆ, ಹತ್ತಿ, ಕಿತ್ತೂರು ಎಂದು ಸುತ್ತಾಡಿದ್ದು ಈ ಮಾತನ್ನು ಮುಂದೂಡಲಿಕ್ಕೇ. ಯಲ್ಲಪ್ಪ ನಮ್ಮ ಸಾಲಿಯ ಸಿಪಾಯಿ, ಎಂದರೆ ಶಾಲೆಯ ಜವಾನ. ಮುನವಳ್ಳಿಯವನು, ನನಗಿಂತ ಹದಿಮೂರು ವರ್ಷ ದೊಡ್ಡವನು, ಆದರೂ ನಾವೆಲ್ಲ ಅವನನ್ನು ಏಕವಚನದಲ್ಲಿ ಕರೆಯುವುದು ಪದ್ಧತಿಯಾಗಿತ್ತು. ಪ್ರತಿ ವರ್ಷ ಹತ್ತನೆಯ ತರಗತಿಯ ಗ್ರೂಪ್ ಫೋಟೋ ದಿನ ಬೆಂಚು ಹೊರುವವನು ಅವನು, ಕುರ್ಚಿ ಒರೆಸುವವನು ಅವನು, ಹುಡುಗರ ಅಂಗಿಯ ಗುಂಡಿ ಹಾಕಿಸಿ ಸಾಲು ಸರಿ ಮಾಡುವವನು ಅವನು. ಪೇಟೆಯ ಸ್ಟುಡಿಯೋದ ಬಾಬುಸಾಬ ಕ್ಯಾಮೆರಾ ಹೂಡಿ, ‘ರೆಡಿ, ಯಾರೂ ಅಳಗ್ಯಾಡಬ್ಯಾಡ್ರಿ’ ಎನ್ನುತ್ತಲೇ ಯಲ್ಲಪ್ಪ ಪಕ್ಕಕ್ಕೆ ಸರಿಯುತ್ತಿದ್ದ. ಹೆಡ್ ಮಾಸ್ತರರ ಕೋಣೆಯ ಗೋಡೆಗೆ ಮೂವತ್ತಕ್ಕೂ ಹೆಚ್ಚು ಗ್ರೂಪ್ ಫೋಟೋಗಳಿವೆ. ಒಂದರಲ್ಲೂ ಅವನಿಲ್ಲ. ಒಂದರ ಎಡತುದಿಯಲ್ಲಿ ಮಾತ್ರ, ಸರಿಯುವುದು ತುಸು ತಡವಾಗಿ, ಒಂದು ಮೊಣಕೈ ಉಳಿದುಕೊಂಡಿದೆ. ಹೊಸ ಮಾಸ್ತರು ಯಾರೇ ಬರಲಿ, ಯಲ್ಲಪ್ಪ ಅವರಿಗೆ ಆ ಫೋಟೋ ತೋರಿಸಿ, ‘ಇದು ನಂದ್ರಿ’ ಎನ್ನುತ್ತಿದ್ದ.

ಅವನು ನಿವೃತ್ತನಾಗುವ ವರ್ಷ ಬಂತು. ಏಪ್ರಿಲ್‌ನಲ್ಲಿ ಸಾಲಿಗೆ ಬೇಸಿಗೆ ಸೂಟಿ ಬಿಡುವ ದಿನವೇ ಬೀಳ್ಕೊಡುಗೆ ಎಂದು ಗೊತ್ತಾಯಿತು. ಏನು ಕಾಣಿಕೆ ಬೇಕು ಎಂದು ಹೆಡ್ ಮಾಸ್ತರರು ಕೇಳಿದಾಗ ಯಲ್ಲಪ್ಪ ನೆಲ ನೋಡುತ್ತ, ‘ಶಾಲು ಗೀಲು ಬ್ಯಾಡ್ರಿ ಸರ. ಒಂದ್ ಗ್ರೂಪ್ ಫೋಟೋದಾಗ ನಾನೂ ಕುಂಡರಬೇಕಂತ ಮಾಡೇನ್ರಿ’ ಎಂದ. ನಡುವಿನ ಕುರ್ಚಿ ನಿನ್ನದೇ ಎಂದರು ಹೆಡ್ ಮಾಸ್ತರರು. ಮರುದಿನ ಅವನು ಎಲ್ಲರಿಗೂ ಚಹಾ ಕೊಡುತ್ತ ಹೇಳಿದ: ‘ಮನ್ಯಾಗ ಪಡಸಾಲಿ ಗ್ವಾಡಿಗೆ ಮೊಳಿ ಬಡದ ಬಂದೇನ್ರಿ.’ ಬಾಬುಸಾಬನಿಗೆ ಹೇಳಿ ಕಳಿಸೋಣ ಎಂಬ ಮಾತು ಬಂದಾಗ ನಾನು ಕುರ್ಚಿಯಿಂದ ಎದ್ದು, ‘ಯಾಕ್ರಿ ಸರ, ನಾ ಇಲ್ಲೇನು?’ ಎಂದೆ. ಅದೇ ಸಂಜೆ ಚಹಾದಂಗಡಿಯಲ್ಲಿ ಬಾಬುಸಾಬನೇ ಸಿಕ್ಕ. ಸುದ್ದಿ ಕೇಳಿದ್ದರೂ ಮುಖ ಸಣ್ಣದು ಮಾಡಲಿಲ್ಲ. ‘ಗ್ರೂಪ್ ಫೋಟೋಕ್ಕ ಲೆನ್ಸಿನ ಕಣ್ಣ ಸಣ್ಣದ ಮಾಡಿ ಇಡ್ರಿ ಸರ್. ಮುಂದಿಂದೂ ಹಿಂದಿಂದೂ ಎಲ್ಲಾ ಬರ್ತೈತಿ’ ಎಂದ. ನಾನು ನಕ್ಕು, ‘ಇದು ಡಿಜಿಟಲ್ ಐತಿ, ಬಾಬುಸಾಬ. ಇದಕ್ಕ ನಿಮ್ಮ ಹಳೇ ಲೆಕ್ಕ ನಡಿಯೂದಿಲ್ಲ’ ಎಂದೆ. ಅವನು ಸಾಸರಿನಲ್ಲಿ ಉಳಿದಿದ್ದ ಚಹಾ ಕುಡಿದು ಎದ್ದು ಹೋದ.

ಲೆನ್ಸಿನ ಕಣ್ಣನ್ನು ನಾನು ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಮಾಡಿ ಇಟ್ಟೆ. ಹಾಗಿಟ್ಟರೆ ನಾವು ಗುರಿ ಹಿಡಿದದ್ದು ಮಾತ್ರ ಸ್ವಚ್ಛವಾಗಿ ಬಂದು ಉಳಿದದ್ದೆಲ್ಲ ಹಾಲಿನ ಕೆನೆಯಂತೆ ಮಬ್ಬಾಗುತ್ತದೆ. ಅದಕ್ಕೇ ಕಲೆ ಎನ್ನುತ್ತಾರೆ ಎಂದು ನಾನು ಓದಿದ್ದೆ. ಸಾಲಿಯ ಅಂಗಳದಲ್ಲಿ ಎಲ್ಲರೂ ಕುಳಿತರು. ಯಲ್ಲಪ್ಪ ಹೊಸ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ತಲೆಗೆ ಕೆಂಪು ಪಟಗ ಸುತ್ತಿ ಬಂದಿದ್ದ. ಬೆಂಚುಗಳನ್ನು ಆ ದಿನವೂ ಅವನೇ ಹೊತ್ತ, ಬೇರೆಯವರು ಮುಟ್ಟಿದರೆ ಬಿಡಲಿಲ್ಲ. ನಡುವೆ ಎರಡು ಕುರ್ಚಿ, ಒಂದು ಅವನದು, ಒಂದು ಹೆಡ್ ಮಾಸ್ತರರದು. ಕುಳಿತುಕೊಳ್ಳುವ ಮುಂಚೆ ಅವನು ತನ್ನ ಕುರ್ಚಿಯನ್ನು ಎತ್ತಿ ಒಂದು ಗೇಣು ಆಚೆಗಿಟ್ಟ. ಹೆಡ್ ಮಾಸ್ತರರ ಕುರ್ಚಿಗೆ ಕುರ್ಚಿ ತಾಗಿಸಿ ಕೂಡುವುದು ಅವನಿಂದಾಗದ ಮಾತು. ಆ ಗೇಣಿನ ಸಂದು ಸರಿಯಾಗಿ ನನ್ನ ಕಿಂಡಿಯ ನಟ್ಟನಡುವೆ ಬಂತು. ಮಂಜಿನಲ್ಲಿ ನನಗದು ಕಾಣಲಿಲ್ಲ. ಗುಂಡಿಯನ್ನು ಅರ್ಧ ಒತ್ತಿದೆ, ಕ್ಯಾಮೆರಾ ‘ಪೀಂ’ ಎಂದಿತು. ಗುರಿ ಸಿಕ್ಕಿತೆಂದು ಅದನ್ನು ಅಲ್ಲೇ ಬಿಗಿದು, ಮೂರು ಸಲ ಒತ್ತಿದೆ. ಎಲ್ಲರೂ ಉಸಿರು ಹಿಡಿದು ಕುಳಿತೇ ಇದ್ದರು. ‘ಲೈಟ ಬೀಳಲಿಲ್ಲಲ್ರಿ ಸರ?’ ಎಂದ ಯಲ್ಲಪ್ಪ ತುಟಿ ಅಲುಗಿಸದೆ. ‘ಇದಕ್ಕ ಲೈಟ ಬೇಕಾಗಿಲ್ಲ ಯಲ್ಲಪ್ಪ. ಇದಕ್ಕ ಎಲ್ಲಾ ಕಾಣತೈತಿ’ ಎಂದೆ. ಕ್ಯಾಮೆರಾದ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಪರದೆ ಇತ್ತು. ಎಲ್ಲರೂ ಮುಗಿಬಿದ್ದು ಅದರಲ್ಲಿ ನೋಡಿ ಮಸ್ತ್ ಮಸ್ತ್ ಎಂದರು. ಅಷ್ಟು ಸಣ್ಣದರಲ್ಲಿ ಯಾರ ಮುಖವಾದರೂ ಚೆಂದವೇ.

ಅದೇ ಮಧ್ಯಾಹ್ನ ಸಾಲಿ ಸೂಟಿಯಾಯಿತು. ಹೆಡ್ ಮಾಸ್ತರರಿಗೆ ಸವದತ್ತಿ ಕಡೆ ವರ್ಗವಾಗಿತ್ತು, ಇನ್ನಿಬ್ಬರು ಮಾಸ್ತರರು ತಮ್ಮ ತಮ್ಮ ಊರು ಹಿಡಿದರು, ಎಲ್ಲರನ್ನೂ ಮತ್ತೆ ಒಟ್ಟಿಗೆ ಕೂರಿಸುವ ಮಾತೇ ಇರಲಿಲ್ಲ. ನಾನು ಕ್ಯಾಮೆರಾದ ಮೆಮರಿ ಕಾರ್ಡು ಒಯ್ದು ಬಾಬುಸಾಬನಿಗೆ ಕೊಟ್ಟೆ. ಅವನ ಕಂಪ್ಯೂಟರ್ ಅದನ್ನು ಬಾಯಿಗೇ ಹಾಕಿಕೊಳ್ಳಲಿಲ್ಲ. ಗುಣಮಟ್ಟ ಹೆಚ್ಚು ಎಂಬ ಆಸೆಗೆ ನಾನು ‘ರಾ’ ಎಂಬ ಬಗೆಯಲ್ಲಿ ತೆಗೆದಿದ್ದೆ. ರಾ ಎಂದರೆ ಹಸಿ ಎಂದು ಅವನಿಗೆ ತಿಳಿಸಿ ಹೇಳಿದೆ. ‘ಹಸೀದು ನಮ್ಮ ಮಷೀನ್ ತಿನ್ನೂದಿಲ್ರಿ ಸರ್, ಬೇಯಿಸಿ ತರ್ರಿ’ ಎಂದ. ಕ್ಯಾಮೆರಾದ ಜೊತೆ ಬಂದಿದ್ದ ಸಿಡಿಯನ್ನು ಹುಡುಕಿ, ಸಾಲಿಯ ಕಂಪ್ಯೂಟರ್‌ಗೆ ಹಾಕಿ, ಬೇಯಿಸುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಖಾಲಿ ಸಾಲಿಯಲ್ಲಿ ಒಬ್ಬನೇ ಕುಳಿತು ಆ ಫೋಟೋವನ್ನು ಮೊದಲ ಸಲ ದೊಡ್ಡದಾಗಿ ನೋಡಿದೆ. ಯಲ್ಲಪ್ಪ ಇದ್ದ, ಹೆಡ್ ಮಾಸ್ತರರು ಇದ್ದರು, ನನ್ನ ಸಹೋದ್ಯೋಗಿಗಳೆಲ್ಲ ಇದ್ದರು. ಆದರೆ ಎಲ್ಲರ ಮುಖವೂ ನೀರಿಗೆ ಬಿದ್ದ ಹಿಟ್ಟಿನಂತೆ ಕದಡಿತ್ತು. ಇಬ್ಬರ ನಡುವಿನ ಆ ಗೇಣು ಸಂದಿಯೊಳಗೆ ತೂರಿಹೋದ ನನ್ನ ಕ್ಯಾಮೆರಾ ಹಿಂದಿನ ಗೋಡೆಯನ್ನು ಹಿಡಿದುಕೊಂಡಿತ್ತು. ಗೋಡೆಯ ಸುಣ್ಣದ ಬಿರುಕು ಸಹ ಎಣಿಸಬಹುದಿತ್ತು. ತಲೆಗಳ ಮೇಲೆ, ಎಂಟು ವರ್ಷದ ಹಿಂದೆ ನಾನೇ ನೀಲಿ ಬಣ್ಣದಲ್ಲಿ ಬರೆದ ಸೂಕ್ತಿ ಕೊರೆದಿಟ್ಟ ಹಾಗೆ ಬಂದಿತ್ತು: ‘ಶಿಸ್ತೇ ಜಿವನ’. ಜೀವನದ ದೀರ್ಘವನ್ನು ನಾನು ನುಂಗಿಬಿಟ್ಟಿದ್ದೆ. ಎಂಟು ವರ್ಷ ಅದರ ಕೆಳಗೇ ಓಡಾಡಿದವನಿಗೆ ಅದು ಆವತ್ತು ಕಂಡಿತು. ಯಾರೂ ಇಲ್ಲದಿದ್ದರೂ ಹಿಂದೆ ತಿರುಗಿ ನೋಡಿದೆ.

ಪ್ರಿಂಟ್ ಹಾಕಿ ಕೊಡುವಾಗ ಬಾಬುಸಾಬ ಅದನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿ, ‘ಗ್ವಾಡಿ ಮಸ್ತ್ ಬಂದೈತ್ರಿ ಸರ್’ ಎಂದ. ಅಷ್ಟೇ. ನಾನು ಆಗಲೇ ಬಾಯಿ ತೆರೆದು ಕ್ಯಾಮೆರಾದ ದೋಷಗಳನ್ನು ಹೇಳತೊಡಗಿದ್ದೆ. ಕಿಂಡಿಯಲ್ಲಿ ಮಂಜು, ಒಳಗೆ ಹತ್ತಿ, ಗುರಿ ಹಿಡಿಯುವ ಯಂತ್ರದಲ್ಲಿ ಏನೋ ಐಬು. ಆ ಬೇಸಿಗೆಯಲ್ಲಿ ಇದನ್ನು ಎಷ್ಟು ಜನರ ಮುಂದೆ ಹೇಳಿದೆನೋ. ಯಲ್ಲಪ್ಪ ತಿಂಗಳಿಗೊಮ್ಮೆ ಪೇಟೆಗೆ ಬರುತ್ತಿದ್ದ. ಮೊದಲ ಸಲ, ‘ಸರ, ಮೊಳಿ ಖಾಲೀನ ಐತ್ರಿ’ ಎಂದು ನಕ್ಕ. ಕ್ಯಾಮೆರಾ ಕೆಟ್ಟಿದೆ, ರಿಪೇರಿಗೆ ಕಳಿಸಿದ್ದೇನೆ, ಫೋಟೋ ಅದರೊಳಗೇ ಸಿಕ್ಕಿಕೊಂಡಿದೆ ಎಂದೆ. ಎರಡನೆಯ ಸಲ ಅವನ ಕೆಂಪು ಪಟಗ ದೂರದಿಂದಲೇ ಕಂಡಿತು, ನಾನು ಬಳೆ ಅಂಗಡಿಯೊಳಗೆ ಹೊಕ್ಕೆ. ಅಲ್ಲಿ ಸುಮ್ಮನೆ ನಿಲ್ಲುವುದು ಹೇಗೆಂದು ಒಂದು ಡಜನ್ ಹಸಿರು ಬಳೆ ಕೊಂಡೆ. ಗಿರಿಜಾ ಬಳೆಗಳನ್ನು ನೋಡಿದಳು, ನನ್ನನ್ನೂ ನೋಡಿದಳು. ಕಾರಣ ಹೇಳಿಸಿಕೊಂಡ ಮೇಲೆ, ‘ಮೂವತ್ತ ವರ್ಷ ನಿಮಗ ಚಹಾ ಕೊಟ್ಟ ಮನಷ್ಯಾ ಅದಾನ. ಅವಗ ಮಾರಿ ಮುಚ್ಚಿಕೊಂಡು ತಿರಗತೀರಲ್ರಿ. ಹೋಗಿ ಖರೇ ಹೇಳಿ ಬರ್ರಿ’ ಎಂದಳು. ಮೂವತ್ತಲ್ಲ, ನಾನು ಸೇರಿದ್ದು ಹದಿನಾಲ್ಕು ವರ್ಷದ ಹಿಂದೆ ಎಂದು ತಿದ್ದಲು ಹೊರಟವನು ಚಪ್ಪಲಿ ಮೆಟ್ಟಿ, ಫೋಟೋಕ್ಕೆ ಕಟ್ಟು ಹಾಕಿಸಲು ನಡೆದೆ.

ಕಟ್ಟು ಹಾಕಿಸಿದ ಫೋಟೋವನ್ನು ಬಗಲಲ್ಲಿಟ್ಟುಕೊಂಡು ಮುನವಳ್ಳಿಗೆ ಹೋದೆ. ಯಲ್ಲಪ್ಪನ ಮನೆ ಬಸ್ ನಿಲ್ಲುವ ದಾರಿಯ ಮೇಲೆಯೇ ಇದೆ. ಪಡಸಾಲೆಯ ಗೋಡೆಯಲ್ಲಿ ಮೊಳೆ ಇತ್ತು. ಅದರ ಸುತ್ತ ಒಂದು ಚೌಕ ಜಾಗವನ್ನು ಬೇರೆಯಾಗಿ ಸುಣ್ಣ ಬಳಿದು ಇಟ್ಟಿದ್ದರು. ಖರೇ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದವನು ಆ ಚೌಕ ನೋಡಿ ಫೋಟೋವನ್ನಷ್ಟೇ ಮುಂದೆ ಚಾಚಿದೆ. ಯಲ್ಲಪ್ಪ ಕೈ ತೊಳೆದುಕೊಂಡು ಬಂದು, ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ಕಣ್ಣುಜ್ಜಿಕೊಂಡು, ‘ಚೊಲೋ ಬಂದೈತ್ರಿ ಸರ. ನನ್ನ ಕಣ್ಣಾಗ ಒಂಚೂರ ಪೊರಿ ಬಂದಂಗ ಕಾಣತೈತಿ, ಮಾರಿ ನಿಚ್ಚಳ ಕಾಣವಲ್ದು’ ಎಂದ. ಓದುಗರೇ, ಇಲ್ಲಿ ನಾನು ಏನು ಹೇಳಬೇಕಿತ್ತು ಎಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ನಾನು ಹೇಳಿದ್ದು: ‘ಹೌದು ಯಲ್ಲಪ್ಪ, ವಯಸ್ಸಾತಲ್ಲ. ಒಮ್ಮೆ ಕಣ್ಣ ತೋರಸ್ಕೋ.’ ಅವನ ಹೆಂಡತಿ ಅವಲಕ್ಕಿ ಕೊಟ್ಟಳು, ತಿಂದೆ. ಎದ್ದು ಹೊರಡುವಾಗ ಅವನು ಹೊಸ್ತಿಲಲ್ಲಿ ನಿಂತು ರಸ್ತೆಯ ಆ ತುದಿ ನೋಡಿ, ‘ಲಗೂ ನಡೀರಿ ಸರ, ಬೈಲಹೊಂಗಲ ಬೋರ್ಡಿನ ಬಸ್ ಬರಾಕ ಹತ್ತೈತಿ’ ಎಂದ. ನನಗೆ ಬಸ್ಸೇ ಇನ್ನೂ ಕಂಡಿರಲಿಲ್ಲ. ಓಡಿ ಹತ್ತಿದೆ. ಬದುಕಿದೆ ಎಂದುಕೊಂಡು ಸೀಟಿನಲ್ಲಿ ಕುಳಿತ ನನಗೆ ಆ ಬೋರ್ಡಿನ ಮಾತು ತಲೆಗೇ ಹೋಗಲಿಲ್ಲ.

ಆದರೆ ಸುಳ್ಳಿಗೆ ಹಸಿವು ಜಾಸ್ತಿ. ಕಣ್ಣು ತೋರಿಸಿಕೋ ಎಂದವನು ತೋರಿಸುವ ವ್ಯವಸ್ಥೆಯನ್ನೂ ಮಾಡಬೇಕಾಯಿತು. ದೀಪಾವಳಿಯ ಮುಂದೆ ನಮ್ಮ ಸಾಲಿಯಲ್ಲೇ ಉಚಿತ ಕಣ್ಣಿನ ಶಿಬಿರ ನಡೆಯಿತು. ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿ ಯಲ್ಲಪ್ಪನಿಗೆ ಹೇಳಿ ಕಳಿಸಿದೆ. ಬರಲಾರದೆ ಬಂದ. ಡಾಕ್ಟರಮ್ಮ ಗೋಡೆಗೆ ತೂಗಿಬಿಟ್ಟ ಅಕ್ಷರಗಳ ಹಾಳೆ ತೋರಿಸಿ ಓದಲು ಹೇಳಿದರು. ಯಲ್ಲಪ್ಪ ಒಮ್ಮೆ ನನ್ನ ಮುಖ ನೋಡಿ, ‘ಕಾಣವಲ್ದ್ರಿ’ ಎಂದ. ಅವರು ದೀಪ ಬಿಟ್ಟು, ರೆಪ್ಪೆ ಎತ್ತಿ, ಮತ್ತೆ ಮತ್ತೆ ನೋಡಿದರು. ಕೊನೆಗೆ ನಕ್ಕು, ‘ಅಜ್ಜಾರ, ಪೊರಿ ಇಲ್ಲ, ಏನೂ ಇಲ್ಲ. ಹುಡುಗೂರ ಕಣ್ಣ ಇದ್ದಂಗ ಅದಾವ. ಸುಳ್ಳ ಯಾಕ ಹೇಳ್ತೀರಿ?’ ಎಂದರು. ಅವನು ತಲೆ ತಗ್ಗಿಸಿದ. ಆಗ ಅವರು ನನ್ನ ಕಡೆ ತಿರುಗಿ, ‘ನೀವು ಹಾಳಿ ಕಡೆ ಕಣ್ಣ ಕಿವುಚಿ ನೋಡಾಕ ಹತ್ತೀರಿ. ಬಂದೀರಿ, ನೀವೂ ಒಮ್ಮೆ ಓದ್ರಿ’ ಎಂದರು. ಮೊದಲ ಸಾಲು ಓದಿದೆ. ಎರಡನೆಯದು ಊಹೆಯ ಮೇಲೆ ಓದಿದೆ. ಮೂರನೆಯ ಸಾಲಿನ ಮೇಲೆ ಒಂದು ತೆಳು ಮಂಜಿತ್ತು. ಅದು ನನಗೆ ಚೆನ್ನಾಗಿ ಪರಿಚಯದ ಮಂಜು.

ಹೊರಗೆ ಬಂದು ಅಂಗಳದಲ್ಲಿ ನಿಂತೆವು. ಎದುರಿಗೆ ಅದೇ ಗೋಡೆ. ‘ನಿನಗ ಆವತ್ತೇ ಗೊತ್ತಾಗಿತ್ತೇನು?’ ಎಂದೆ. ‘ಕೈಯಾಗ ಹಿಡದಾ ಕ್ಷಣಾನ ಗೊತ್ತಾತ್ರಿ’ ಎಂದ. ಮತ್ತೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ‘ಬಿಸಲಾಗ ಬಸ್ ಹತ್ತಿ ಮನೀತನಾ ಬಂದಿದ್ರಿ. ಹೊಚ್ಚಲ ದಾಟಿ ಒಳಗ ಬಂದೋರಿಗೆ ಫೋಟೋ ಕೆಟ್ಟೈತಂತ ಹೆಂಗ ಅನ್ನೂದ್ರಿ?’ ಡಾಕ್ಟರ ಮುಂದೆ ಸುಳ್ಳು ಹೇಳಿ ಅವನು ಮುಚ್ಚಲು ಹೋದದ್ದು ನನ್ನ ಮರ್ಯಾದೆಯನ್ನು. ಏನಾದರೂ ಪ್ರಾಯಶ್ಚಿತ್ತ ಮಾಡಬೇಕೆಂದು ತಡಬಡಿಸಿ, ‘ತಪ್ಪಾತು ಯಲ್ಲಪ್ಪ. ಆ ಗ್ವಾಡಿ ಮ್ಯಾಲಿಂದಾದ್ರೂ ನಾಳೆ ಬಣ್ಣಾ ತಂದು ತಿದ್ದತೇನಿ’ ಎಂದೆ. ಅವನು ಗಾಬರಿಯಾದ. ‘ಬ್ಯಾಡ್ರಿ ಸರ. ಅದು ತಪ್ಪೈತಿ ಅಂತ ನೀವ ಬರದ ದಿನಾನ ನೋಡೇನ್ರಿ, ಹೇಳಿದ್ರ ನಿಮಗ ಕೆಟ್ಟ ಅನಸ್ತೈತಂತ ಸುಮ್ಮನಿದ್ನಿ. ಈಗ ಫೋಟೋದಾಗ ನಮ್ಮ ಮಾರಿ ಯಾರಿಗೂ ಗುರುತ ಸಿಗೂದಿಲ್ಲ. ಬಂದ ಬೀಗರು ಆ ಅಕ್ಷರ ನೋಡಿ, ಹೌದಪಾ, ಇದು ನಿಮ್ಮ ಸಾಲೀನ ಅಂತ ಒಪ್ಪತಾರ. ಅದನ್ನೂ ತಿದ್ದಿಬಿಟ್ರ, ನಾ ಎಲ್ಲಿ ಕುಂತಿದ್ನಿ ಅಂತ ಹೆಂಗ ಹೇಳ್ಲಿ?’

ನಾನು ತಿದ್ದಲಿಲ್ಲ. ಕನ್ನಡಕ ಬಂತು, ಕಿಂಡಿಯೊಳಗಿನ ಮಂಜು ಹೋಯಿತು, ಕ್ಯಾಮೆರಾದ ದೋಷಗಳ ಪಟ್ಟಿಯಲ್ಲಿ ಈಗ ಹತ್ತಿಯ ಎಳೆಯೊಂದೇ ಉಳಿದಿದೆ, ಅದನ್ನು ಒಳಗೆ ಬಿಟ್ಟವನೂ ನಾನೇ. ಮೊನ್ನೆ ಹೊಸದಾಗಿ ಬಂದ ಕನ್ನಡ ಮಾಸ್ತರರು ಗೋಡೆಯ ಮುಂದೆ ನಿಂತು, ‘ಇದನ್ನ ಯಾರ ಬರದಾರ್ರಿ? ಅಕ್ಷರ ತಪ್ಪೈತಿ’ ಎಂದರು. ಮೊದಲಾಗಿದ್ದರೆ ಬಣ್ಣದ ಮೇಲೋ ಕುಂಚದ ಮೇಲೋ ಹಾಕುತ್ತಿದ್ದೆ. ‘ನಾನ ಬರದೇನ್ರಿ’ ಎಂದೆ. ಹಾಗಾದರೆ ತಿದ್ದಬಾರದೇ ಎಂದರು. ಅದು ಯಲ್ಲಪ್ಪನದು, ತಿದ್ದುವ ಹಾಗಿಲ್ಲ ಎಂದೆ. ಯಲ್ಲಪ್ಪ ಯಾರು ಎಂದು ಅವರು ಕೇಳಿದರು. ಆ ಮನುಷ್ಯನ ಫೋಟೋ ತೆಗೆದವನು ನಾನು, ಆದರೆ ಇವನೇ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹೆಡ್ ಮಾಸ್ತರರ ಕೋಣೆಗೆ ಅವರನ್ನು ಕರೆದೊಯ್ದು, ಬಾಬುಸಾಬ ತೆಗೆದ ಹಳೆಯ ಗ್ರೂಪ್ ಫೋಟೋದ ಎಡತುದಿಯ ಮೊಣಕೈ ತೋರಿಸಿದೆ. ಬಹಳ ಸ್ವಚ್ಛವಾಗಿ ಬಂದಿದೆ.